ಮುಚ್ಚಿಟ್ಟ ಬಟ್ಟಲು

ವಿನಾರ್ಸಿ ಸತ್ತ ಹಲ್ಲಿಯ ಬಾಲವನ್ನು ಎರಡು ಬೆರಳಲ್ಲಿ ಹಿಡಿದು, ಬೆಚ್ಚಗಿನ ನೀರಿನಿಂದ ತೆಗೆದ ಇಲಿಮರಿಯ ಮೈಗೆಲ್ಲ ಉಜ್ಜುತ್ತಿದ್ದಳು. ಕಣ್ಣು ಬಿಡುವ ಮೊದಲೇ ಸತ್ತು, ಫ್ರಿಜ್ಜಿನಲ್ಲಿ ಕಲ್ಲಾಗಿದ್ದ ಗುಲಾಬಿ ಬಣ್ಣದ ಮರಿ ಅದು. ಹಲ್ಲಿಯ ವಾಸನೆ ತಗುಲಿದರೆ ಹಾವಿನ ಮರಿಗಳು ಕೆಲವೊಮ್ಮೆ ಮೋಸ ಹೋಗುತ್ತವೆ. ಆದರೆ ಮೊಟ್ಟೆಯೊಡೆದು ಬಂದಾಗಿನಿಂದ ಒಂದು ತುತ್ತೂ ಮುಟ್ಟದ ಈ ಕೇಸರಿ ಬಣ್ಣದ ಹಾವಿನ ಮರಿಗೆ ಅಷ್ಟು ಸಾಲದು. ಬ್ಲೇಡಿನ ತುದಿಯಿಂದ ಇಲಿಮರಿಯ ನೆತ್ತಿ ಸೀಳಿ, ಮೆಲ್ಲಗೆ ಒತ್ತಿ, ಒಸರಿದ್ದನ್ನು ಅದರ ಮೂತಿಗೇ ಸವರಿದಳು. ಅಡಿಗೆಗೆ ತೆಂಪೆಯ ಸೋಯಾ ಬಿಲ್ಲೆ ಹೆಚ್ಚುವಾಗ ಎಷ್ಟು ಯೋಚಿಸುತ್ತಿದ್ದಳೋ ಇದಕ್ಕೂ ಅಷ್ಟೇ.

"ಇನ್ನೂ ಉಪವಾಸಾನಾ ಈ ಮಹಾರಾಣಿ?" ಗಂಡ ಗುನಾದಿ ಬಾಗಿಲಲ್ಲಿ ನಿಂತಿದ್ದ. ಕೊರಳಲ್ಲಿ ಒಂದು ದೊಡ್ಡ ಹಾವು, ಕೈಯಲ್ಲಿ ಫೋನು. ಸಾಕುವವರಿಗೆ ಹಾವು ಮಾರುವ ಮಾತುಕತೆಯೆಲ್ಲ ಅವನದು. ತಿನ್ನಲೊಲ್ಲದ ಮರಿಗಳಿಗೆ ತಿನ್ನಿಸುವುದು ಇವಳ ಪಾಲು.

"ಇವತ್ತು ಡಬ್ಬಿಗೆ ಹಾಕಿ ಕಪ್ಪು ಬಟ್ಟೆ ಮುಚ್ಚಿಡ್ತೀನಿ ಮಾಸ್. ಒಂಟಿಯಾಗಿ, ಕತ್ತಲಲ್ಲಿ ಬಿಟ್ರೆ ತಿನ್ನುತ್ತೆ. ನೀವು ಮಾತ್ರ ಎತ್ತಿ ನೋಡ್ಬೇಡಿ." ಗಂಡನನ್ನು ಅವಳು ಮಾಸ್ ಎಂದೇ ಕರೆಯುತ್ತಿದ್ದಳು.

"ನಾನ್ಯಾಕೆ ನೋಡ್ಲಿ?"

"ಹೋದ ಸಲ ಯಾಕೆ ನೋಡಿದ್ರೋ ಅದಕ್ಕೇ."

"ಸುರಬಾಯದ ಗಿರಾಕಿಗಳು ವಿಡಿಯೋ ಕೇಳ್ತಾರೆ ಕಣೇ! ತಿನ್ನೋದನ್ನ ಕಣ್ಣಾರೆ ಕಾಣ್ದೆ ಯಾರು ತಗೋತಾರೆ?" ಎಂದವನು ಕೆಳಗಿನ ಗೂಡನ್ನು ಕಾಲಿನಿಂದ ತಟ್ಟಿದ. "ತಿನ್ನಲಿಲ್ವಾ, ದೊರೆ ಇದ್ದಾನೆ."

ಆ ಗೂಡಿನಲ್ಲಿದ್ದದ್ದು ಕಪ್ಪು ಬಿಳಿ ಪಟ್ಟೆಯ ಹಾವು. ಹಾವನ್ನೇ ತಿನ್ನುವ ಜಾತಿ. ತಿನ್ನದೆ ಬಡಕಲಾದ ಮರಿಗಳೆಲ್ಲ ಕೊನೆಗೆ ಹೋಗುತ್ತಿದ್ದದ್ದು ಅದರ ಹೊಟ್ಟೆಗೆ.

ಇದ್ದಕ್ಕಿದ್ದಂತೆ ಗುನಾದಿಯ ದನಿ ಇಳಿಯಿತು. "ಹಾವಿನ ಮರಿ ಬಾಯಿ ಬಿಡಿಸೋಳಿಗೆ ನನ್ನ ಅಮ್ಮನ ಬಾಯಿ ಬಿಡಿಸೋಕಾಗಲ್ವಾ, ನಾರ್ಸಿ? ಡಾಕ್ಟ್ರು ಅಂದದ್ದು ಕೇಳಿಸ್ಕೊಂಡೆಯಲ್ಲ. ಹೀಗೇ ಆದ್ರೆ ಮೂಗಿಗೆ ನಳಿಕೆ, ಇಲ್ಲಾ ಮಣ್ಣಿಗೆ."

"ನೋಡ್ತೀನಿ ಮಾಸ್," ಎಂದಳು ಅವಳು, ಡಬ್ಬಿಯ ಮೇಲೆ ಬಟ್ಟೆ ಎಳೆಯುತ್ತ.

ಅತ್ತೆ ಕರ್ಸಿನೆಮ್ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ಪಾರ್ಶ್ವವಾಯು ಬಡಿದು ಬಲಭಾಗವೆಲ್ಲ ಬಿದ್ದುಹೋಗಿತ್ತು. ಬಾಯಿ ಒಂದು ಕಡೆಗೆ ಜೋತು ಬಿದ್ದಿತ್ತು. ಆಡಿದ ಮಾತುಗಳಲ್ಲಿ ಉಳಿದದ್ದು ಒಂದೇ: 'ಓರಾ.' ಒಲ್ಲೆ. ಯಾರು ಚಮಚ ಹಿಡಿದರೂ ಓರಾ. ಮಗ ಅತ್ತರೂ ಓರಾ.

ಆ ಬೀದಿಯಲ್ಲಿ ಕಾಯಿಲೆಯವರನ್ನು ನೋಡಲು ಯಾರೂ ಒಬ್ಬೊಬ್ಬರೇ ಬರುವುದಿಲ್ಲ. ಅಂದು ಪ್ರಾರ್ಥನಾ ಕೂಟ ಮುಗಿಸಿ, ಒಂದೇ ಬಣ್ಣದ ತಲೆವಸ್ತ್ರದ ಹೆಂಗಸರೆಲ್ಲ ಸಕ್ಕರೆ, ಬಿಸ್ಕತ್ತಿನ ಡಬ್ಬ, ಕಿತ್ತಳೆ ಹಿಡಿದು ಹಿಂಡಾಗಿ ನುಗ್ಗಿದರು. ಕುರ್ಚಿ ಸಾಲದೆ ಕೆಲವರು ಮಂಚದ ಅಂಚಿಗೇ ಕೂತರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಬು ಪಾರ್ತಿ.

"ಏನ್ರೀ ಕರ್ಸಿ ಅಕ್ಕ! ಬೀದಿಗೆಲ್ಲ ಬಾಯಾಗಿದ್ದೋರು ಈಗ ಬಾಯೇ ಬಿಡಲ್ಲ ಅಂದ್ರೆ ಹೆಂಗೆ?"

ಹೆಂಗಸರು ನಕ್ಕರು.

"ಹಾವು ಮುಟ್ಟಿದ ಕೈಲಿ ಕೊಟ್ರೆ ಯಾರು ತಿಂತಾರಮ್ಮ," ಎಂದಳು ಇನ್ನೊಬ್ಬಳು. "ಕೈ ತೊಳ್ಕೊಂಡೆಯಾ ನಾರ್ಸಿ?"

"ಸೋಪು ಹಾಕಿ ತೊಳ್ದಿದೀನಿ, ಮೂಸಿ ನೋಡ್ತೀರಾ?" ಎಂದು ವಿನಾರ್ಸಿ ಕೈ ಚಾಚಿದಾಗ ಅವಳು ಕಿರುಚಿ ಹಿಂದೆ ಸರಿದಳು. ಮತ್ತೆ ನಗು.

ಆಮೇಲೆ ವಿನಾರ್ಸಿ ಗಂಜಿಯ ಬಟ್ಟಲು ಹಿಡಿದು ಕೂತಳು. ಎಲ್ಲರೂ ಕತ್ತು ಚಾಚಿದರು. ಚಮಚ ತುಟಿಗೆ ತಾಗಿದ್ದೇ ತಡ ಮುದುಕಿ ಹಲ್ಲು ಬಿಗಿದಳು. ಗಂಜಿ ಜೋತ ಬಾಯಿಂದ ಇಳಿದು, ಗಲ್ಲದಿಂದ ಕತ್ತಿಗೆ, ಕತ್ತಿನಿಂದ ಎದೆಗೆ ಹರಿಯಿತು. "ಅಯ್ಯೋ, ಮಗೂ ಥರಾ ಆಗೋದ್ರು," ಎಂದರು ಯಾರೋ. "ನುಂಗಿ ಅಕ್ಕ, ನುಂಗಿ!" ಎಂದು ಬು ಪಾರ್ತಿ ಚಪ್ಪಾಳೆ ತಟ್ಟಿದಳು. ಮುದುಕಿಯ ಸರಿಯಿದ್ದ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ಹರಿದು, ಸೂರಿಗೆ ಹೋಗಿ ನಿಂತಿತು.

ನುಂಗು. ಆ ಮಾತನ್ನು ವಿನಾರ್ಸಿ ಇದೇ ಮನೆಯ ಜಗಲಿಯಲ್ಲಿ ಕೇಳಿದ್ದಳು. ಮದುವೆಯಾಗಿ ಬಂದ ಹೊಸತು. ಹೊಟ್ಟೆಯಲ್ಲಿದ್ದದ್ದು ಇಳಿದುಹೋಗಿ ಇನ್ನೂ ರಕ್ತ ನಿಂತಿರಲಿಲ್ಲ. ಅತ್ತೆ ಪಪ್ಪಾಯಿ ಎಲೆ ಅರೆದ ಜಾಮು ಕಷಾಯದ ಲೋಟ ತಂದು, ಇದೇ ಹೆಂಗಸರನ್ನು, ಆಗಿನ್ನೂ ಎಳೆಯರು, ಸುತ್ತ ಕೂರಿಸಿಕೊಂಡಿದ್ದಳು. 'ಮನೆಯಲ್ಲಿ ಕೊಡಿ ಇಬು, ಅಮ್ಮಾ, ಒಳಗೆ ಕುಡೀತೀನಿ' ಎಂದು ವಿನಾರ್ಸಿ ಅಂಗಲಾಚಿದ್ದಳು. 'ಕಸ ಹಾಕ್ದಂಗೆ ಕೂಸು ಹಾಕಿದೋಳಿಗೆ ಈಗ್ಯಾಕೆ ನಾಚಿಕೆ?' ಎಂದು ಅತ್ತೆ ಅವಳ ಮೂಗು ಹಿಂಡಿ ಹಿಡಿದು, ಲೋಟವನ್ನು ಹಲ್ಲಿಗೆ ತಾಗಿಸಿ ಎತ್ತಿದ್ದಳು. ಹಸಿರು ಕಹಿ ಅವಳ ಗಂಟಲಿನಿಂದ ವಾಪಸು ಬಂದು ಉಟ್ಟಿದ್ದ ಸರೋಂಗಿನ ಮೇಲೆ ಚೆಲ್ಲಿತು. ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಅತ್ತೆ ಇನ್ನೊಂದು ಲೋಟ ತರಿಸಿದಳು.

ಮಕ್ಕಳು ಆಮೇಲೂ ಆಗಲಿಲ್ಲ. ಅಂದಿನಿಂದ ವಿನಾರ್ಸಿ ಯಾರ ಮುಂದೆಯೂ ಊಟಕ್ಕೆ ಕೂತವಳಲ್ಲ. ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ, ನಿಂತುಕೊಂಡೇ ಉಣ್ಣುತ್ತಿದ್ದಳು. ಕೇಳಿದವರಿಗೆ, 'ನನಗೆ ಹಂಗೇ ಅಭ್ಯಾಸ' ಎನ್ನುತ್ತಿದ್ದಳು.

ಹೆಂಗಸರು ಟೀ ಕುಡಿದು, ಮುದುಕಿಯ ಕಾಲು ಒತ್ತಿ, "ಬೇಗ ಹುಷಾರಾಗಿ" ಎಂದು ಹೊರಟರು. ವಿನಾರ್ಸಿ ಗಂಜಿಯ ಬಟ್ಟಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ನೊಣ ಕೂರದಿರಲೆಂದು ಬಿದಿರಿನ ಮುಚ್ಚಳ ಬೋರಲು ಹಾಕಿ ಹಿಂದಿನ ಕೋಣೆಗೆ ಹೋದಳು.

ಕಪ್ಪು ಬಟ್ಟೆ ನೆಲದ ಮೇಲಿತ್ತು. ಡಬ್ಬಿಯಲ್ಲಿ ಇಲಿಮರಿ ಮಾತ್ರ ಉಳಿದಿತ್ತು. ಅದರ ತಲೆಯ ಕಡೆ ಒದ್ದೆಯಾಗಿ ನಜ್ಜುಗುಜ್ಜಾಗಿತ್ತು. ಗುನಾದಿ ದೊರೆಯ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಫೋನು ಹಿಡಿದಿದ್ದ.

"ಸುಮ್ನೆ ಒಂದ್ಸಲ ಎತ್ತಿದೆ ಕಣೇ. ಬಾಯಲ್ಲಿ ಕಚ್ಕೊಂಡಿತ್ತು. ನನ್ನ ಮುಖ ಕಂಡಿದ್ದೇ ಉಗುಳಿಬಿಡ್ತು. ಎಷ್ಟು ಸೊಕ್ಕು ನೋಡು!"

"ನುಂಗ್ತಾ ಇತ್ತು ಮಾಸ್ ಅದು."

"ಈಗ ದೊರೆ ನುಂಗ್ತಾ ಇದ್ದಾನೆ." ಫೋನನ್ನು ಗಾಜಿಗೆ ಇನ್ನೂ ಹತ್ತಿರ ಒಯ್ದ. "ಇವನಿಗೆ ನೋಡಿದ್ರೂ ನಾಚಿಕೆ ಇಲ್ಲ."

ಕೇಸರಿ ಬಾಲದ ತುದಿ ದೊರೆಯ ಬಾಯಿಂದ ಹೊರಗೆ ತಿರುಚಿಕೊಳ್ಳುತ್ತಿತ್ತು. ವಿನಾರ್ಸಿ ಪೂರ್ತಿ ಒಳಗೆ ಹೋಗುವವರೆಗೂ ನೋಡಿದಳು. ಆಮೇಲೆ ಡಬ್ಬಿ ತೊಳೆದಿಟ್ಟು, ಗಂಜಿಯ ಬಟ್ಟಲು ತರಲು ಮುಂದಿನ ಕೋಣೆಗೆ ಬಂದಳು.

ಬಿದಿರಿನ ಮುಚ್ಚಳ ಓರೆಯಾಗಿತ್ತು. ಬಟ್ಟಲಿನಲ್ಲಿ ಅರ್ಧಕ್ಕರ್ಧ ಗಂಜಿ ಇರಲಿಲ್ಲ.

ಅವಳು ಬೆಕ್ಕಿಗಾಗಿ ಮಂಚದ ಕೆಳಗೆ ಬಗ್ಗಿ ನೋಡಿದಳು. ಮೇಲೇಳುವಾಗ ಮುದುಕಿಯ ಎಡಗೈ ಕಂಡಿತು. ಬೆರಳ ಸಂದಿಯಲ್ಲೆಲ್ಲ ಅನ್ನದ ಅಗುಳು. ಗಲ್ಲದ ಮೇಲೆ ತಾನೇ ದಿಂಬಿಗೆ ಉಜ್ಜಿ ಒರೆಸಿಕೊಂಡ ಗುರುತು. ಕರ್ಸಿನೆಮ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ನಿದ್ದೆ ಬಂದವರು ರೆಪ್ಪೆಯನ್ನು ಹಾಗೆ ಹಿಂಡುವುದಿಲ್ಲ.

ಹಸಿವಿದೆ. ನುಂಗಲೂ ಬರುತ್ತದೆ. ಸೋರುವ ಬಾಯನ್ನು ಯಾರೂ ನೋಡಬಾರದು, ಅಷ್ಟೇ.

ಅಡಿಗೆಮನೆಯ ಗೋಡೆಯಲ್ಲಿ ತಾನು ಮುಖ ಮಾಡುವ ಜಾಗ, ಅಲ್ಲಿ ಸುಣ್ಣ ಎದ್ದ ಗುರುತು ಸಮೇತ, ವಿನಾರ್ಸಿಯ ಕಣ್ಣಿಗೆ ಕಟ್ಟಿತು. ಮುಚ್ಚಿಟ್ಟು ಬಾಗಿಲೆಳೆದುಕೊಂಡರೆ ಸಾಕು, ಇವಳು ಬದುಕುತ್ತಾಳೆ. ಹಾಗೆಂದು ಗುನಾದಿಗೆ ಹೇಳಿದರೆ ಅವನು ಕಾಲಿಗೆ ಬಿದ್ದಾನು. ಅವಳು ಬಟ್ಟೆ ಒದ್ದೆ ಮಾಡಿ ತಂದು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಒರೆಸುವ ಕೈ ಮೃದುವಾಗೇ ಇತ್ತು. ಮುದುಕಿ ಕಣ್ಣು ತೆರೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗುಟ್ಟು ರಟ್ಟಾದದ್ದು ಇಬ್ಬರಿಗೂ ತಿಳಿಯಿತು.

"ಓರಾ," ಎಂದಳು ಮುದುಕಿ. ಈ ಸಲ ಅದು ಹಟದ ದನಿಯಾಗಿರಲಿಲ್ಲ. ಬೇಡಿಕೊಳ್ಳುವ ದನಿ.

ವಿನಾರ್ಸಿ ಬಟ್ಟಲಿನಲ್ಲಿ ಉಳಿದದ್ದನ್ನು ಹಿತ್ತಲ ಕೋಳಿಗಳಿಗೆ ಸುರಿದಳು. ಒಳಗೆ ಬರುವಾಗ ಗುನಾದಿ ತಾಯಿಯ ತಲೆ ಸವರುತ್ತ ನಿಂತಿದ್ದ.

"ಏನಾದ್ರೂ ತಿಂದ್ರಾ?"

"ಇಲ್ಲ ಮಾಸ್."

ಅವನು ಮೂಗೊರೆಸಿಕೊಂಡ. "ಜನ ಇದ್ರೆ ಅಮ್ಮಂಗೆ ಉತ್ಸಾಹ ಬರುತ್ತೇನೋ. ಮೊದ್ಲಿಂದ್ಲೂ ಸುತ್ತ ಜನ ಬೇಕು ಅವಳಿಗೆ. ನಾಳೆನೂ ಬು ಪಾರ್ತಿಯವರಿಗೆ ಬರೋಕೆ ಹೇಳ್ಲಾ?"

ಮಂಚದ ಮೇಲಿನ ಒಂಟಿ ಕಣ್ಣು ವಿನಾರ್ಸಿಯ ಮುಖಕ್ಕೆ ನೆಟ್ಟಿತ್ತು.

"ಹೇಳಿ," ಎಂದಳು ಅವಳು. "ಜಗಲೀಲೇ ಕೂರಿಸೋಣ. ಗಾಳಿ ಬೆಳಕು ಇರುತ್ತೆ."

ಅವನು ಹಗುರಾದವನಂತೆ ಬೇಲಿಯ ಕಡೆ ನಡೆದ. ವಿನಾರ್ಸಿ ಅತ್ತೆಯ ಹೊದಿಕೆ ಸರಿಮಾಡಿದಳು. ಇವಳನ್ನು ಸಾಯಲು ಬಿಡುವುದಿಲ್ಲ. ಎಷ್ಟು ಕಡಿಮೆ ತಿಂದರೂ ಜೀವ ಉಳಿಯುತ್ತದೆ ಎನ್ನುವುದು ಹಾವಿನ ಮರಿಗಳನ್ನು ಸಾಕಿದ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಿದ ಬಟ್ಟಲು ಆಗೀಗ, ನಳಿಕೆ ಬೇಡವೆನ್ನುವಷ್ಟಕ್ಕೆ ಮಾತ್ರ. ಉಳಿದಂತೆ ಹೊತ್ತು ಹೊತ್ತಿಗೂ ಚಮಚ, ಎಲ್ಲರ ಮುಂದೆ. ಬೇಲಿಯಾಚೆಯಿಂದ ಬು ಪಾರ್ತಿ "ಬರ್ತೀವಿ, ಎಲ್ಲರೂ ಬರ್ತೀವಿ" ಎಂದು ಕೂಗಿದ್ದು ಕೇಳಿಸಿತು. ಅವಳು ನಾಳೆಯ ಗಂಜಿಗೆ ಅಕ್ಕಿ ಅಳೆಯಲು ಒಳಗೆ ಹೋದಳು.