ಹೆಣದ ಪೆಟ್ಟಿಗೆಯ ಕರೆಂಟು

"ಹೆಣದ ಮುಂದೆ ನನ್ನ ಮಾನ ಕಳೆದ್ಯಲ್ಲೋ! ಏಳನೇ ಕ್ಲಾಸಿಗೇ ಸಾಲಿ ಬಿಟ್ಟೋನ ಕೈಗೆ ಇಂಥಾ ಮಿಷನ್ ಕೊಟ್ಟಿದ್ದು ನಂದೇ ತಪ್ಪು. ನಿನಗೆ ಸೈಕಲ್ ಪಂಚರ್ ಹಾಕಾಕೂ ಬರಲ್ಲ."

ಹರಿಹರದ ಶಿವಮೂರ್ತಿ ಇದನ್ನು ಹೇಳಿದ್ದು ದಾವಣಗೆರೆಯ ಸರಸ್ವತಿ ನಗರದಲ್ಲಿರುವ ನಮ್ಮ ಬ್ಯಾಟರಿ ಅಂಗಡಿಯಲ್ಲಿ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ. ಇನ್ವರ್ಟರ್ ಕೊಳ್ಳಲು ಬಂದಿದ್ದ ಗಂಡ ಹೆಂಡತಿ ನನ್ನ ಮುಖವನ್ನೇ ನೋಡಿದರು. ಹಿಂದೆ ಯಾರೋ ನಕ್ಕರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದು ಕೈಯಲ್ಲಿರುವುದು ಒಳ್ಳೆಯದಲ್ಲ ಅನ್ನಿಸಿ ಟೇಬಲ್ಲಿನ ಮೇಲಿಟ್ಟೆ.

ಶಿವಮೂರ್ತಿ ಸಾವಿನ ಮನೆಗಳಿಗೆ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಕೊಡುತ್ತಾನೆ. ಹಳ್ಳಿಯಲ್ಲಿ ಕರೆಂಟು ಹೋದರೆ ಪೆಟ್ಟಿಗೆ ನಿಲ್ಲಬಾರದೆಂದು ಜೊತೆಗೊಂದು ಪವರ್ ಸ್ಟೇಷನ್ ಕಳಿಸುತ್ತಾನೆ. ಸಣ್ಣ ಸೂಟ್‌ಕೇಸಿನಷ್ಟು ಗಾತ್ರ, ಮೇಲೊಂದು ಹಿಡಿಕೆ, ಒಳಗೆ ಲಿಥಿಯಂ ಬ್ಯಾಟರಿ ಮತ್ತು ಇನ್ವರ್ಟರ್. ಮನೆಯಲ್ಲಿ ಚಾರ್ಜ್ ಮಾಡಿ ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದು. ಹೋದ ತಿಂಗಳು ಅದರ ಫ್ಯಾನ್ ಜಾಮ್ ಆಗಿತ್ತು. ಒಳಗೆ ಬಿಳಿ ಧೂಳಿತ್ತು, ಹಳ್ಳಿ ರಸ್ತೆಯದಿರಬೇಕು ಅಂದುಕೊಂಡು ಊದಿ, ಹೊಸ ಫ್ಯಾನ್ ಹಾಕಿ ಕಳಿಸಿದ್ದೆ. ನಿನ್ನೆ ಕೊಕ್ಕನೂರಿನಲ್ಲಿ ಮುದುಕರೊಬ್ಬರ ಹೆಣ ಇಟ್ಟುಕೊಂಡು ಪುಣೆಯಿಂದ ಬರುವ ಮಗಳಿಗಾಗಿ ಊರೇ ಕಾಯುತ್ತಿರುವಾಗ ಅದು ಆಫ್ ಆಗಿದೆ. ಐಸ್ ತರಲು ಹರಿಹರಕ್ಕೆ ಗಾಡಿ ಓಡಿಸಬೇಕಾಯಿತಂತೆ.

ನಮ್ಮ ಓನರ್ ಶಬ್ಬೀರ್ ಭಾಯ್ ನನ್ನ ಪರ ಒಂದು ಮಾತೂ ಆಡಲಿಲ್ಲ. "ಡೂಪ್ಲಿಕೇಟ್ ಫ್ಯಾನ್ ಹಾಕಿದ್ಯೇನೋ, ರೇವಂತ?" ಅಂದರು.

"ನೀವೇ ತಂದುಕೊಟ್ಟ ಫ್ಯಾನ್ ಅದು, ಭಾಯ್."

ಈ ಸಲ ಎಲ್ಲರೂ ನಕ್ಕರು. ಭಾಯ್ ಮುಖ ಬಿಗಿಯಾಯಿತು. ಶಿವಮೂರ್ತಿ ತಂದಿದ್ದ ಪವರ್ ಸ್ಟೇಷನ್ನಿಗೆ ನಾನು ಎರಡು ದೊಡ್ಡ ಬಲ್ಬು ಹಚ್ಚಿ ನೋಡಿದೆ. ಉರಿದವು, ಉರಿಯುತ್ತಲೇ ಇದ್ದವು.

"ಇಲ್ಲಿ ಉರೀತೈತೆ ಬಿಡು," ಅಂದ ಶಿವಮೂರ್ತಿ. "ಹೆಣ ಕಂಡ್ರೆ ಮಾತ್ರ ಹೆದರ್ತೈತೆ."

"ಅಣ್ಣಾರ ಜೊತೆ ಹರಿಹರಕ್ಕೆ ಹೋಗು," ಅಂದರು ಭಾಯ್. "ಪೆಟ್ಟಿಗೆಗೇ ಹಚ್ಚಿ ನೋಡು. ತಪ್ಪು ನಿಂದಲ್ಲ ಅಂತ ಅವ್ರ ಬಾಯಿಂದ ನನಗೆ ಫೋನ್ ಮಾಡಿಸು. ಇಲ್ಲಾಂದ್ರೆ ನಾಳೆಯಿಂದ ರಿಪೇರಿ ಟೇಬಲ್ ಕಡೆ ಬರಬ್ಯಾಡ. ಬ್ಯಾಟರಿಗೆ ನೀರು ತುಂಬು, ಸಾಕು."

ನೀರು ತುಂಬುವುದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಾಡಿದ್ದು. ಆ ಟೇಬಲ್ಲಿಗೆ ಬರಲು ನಾಲ್ಕು ವರ್ಷ ಹಿಡಿದಿತ್ತು.

ಶಿವಮೂರ್ತಿಯ ಓಮ್ನಿ ವ್ಯಾನಿನಲ್ಲಿ ಹೊರಟೆವು. ದೊಡ್ಡಬಾತಿ ದಾಟುವಷ್ಟರಲ್ಲಿ ನಾನು ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ: 'ತಪ್ಪು ನಂದಲ್ಲ, ನಿಮ್ದೇ. ಈಗ ಅಂಗಡಿಗೆ ಬಂದು ಅಷ್ಟೂ ಜನರ ಮುಂದೆ ಹೇಳ್ರಿ.' ತಪ್ಪೇನೆಂದು ಇನ್ನೂ ಗೊತ್ತಿರಲಿಲ್ಲ. ಮಾತು ಮಾತ್ರ ತಯಾರಿತ್ತು.

ಅವನ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಖಾಲಿ ಪೆಟ್ಟಿಗೆಗೆ ಹಚ್ಚಿದೆವು. ಪೆಟ್ಟಿಗೆ ಗುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಪವರ್ ಸ್ಟೇಷನ್ನಿನ ಮೈ ಮುಟ್ಟಲಾಗದಷ್ಟು ಕಾದಿತು, ಡಿಸ್‌ಪ್ಲೇಯಲ್ಲಿ ಥರ್ಮಾಮೀಟರ್ ಗುರುತು ಮಿನುಗಿತು, ಎಲ್ಲ ನಿಂತುಹೋಯಿತು. ಚಾರ್ಜು ಅರ್ಧಕ್ಕಿಂತ ಹೆಚ್ಚೇ ಇತ್ತು. ಅಂದರೆ ಖಾಲಿಯಾಗಿ ನಿಂತದ್ದಲ್ಲ, ಕಾದು ನಿಂತದ್ದು. ಎರಡು ಬಲ್ಬಿಗೆ ಅಷ್ಟು ಕಾಯುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ಗೊತ್ತಾಗಿರಲಿಲ್ಲ.

"ನೋಡಿದ್ಯಾ ನಿನ್ನ ಕೆಲ್ಸ?" ಅಂದ ಶಿವಮೂರ್ತಿ. ಅಷ್ಟರಲ್ಲಿ ಮುಂಬಾಗಿಲಲ್ಲಿ ಕರೆದರು. ಕಡರನಾಯಕನಹಳ್ಳಿಯಲ್ಲಿ ಯಾರೋ ತೀರಿಕೊಂಡು ಪೆಟ್ಟಿಗೆ ಕೇಳಲು ಬಂದಿದ್ದರು. "ಅವ್ರಿಗೆ ಚಾ ಕೊಟ್ಟು ಕರ್ಕೊಂಡು ಬರ್ತೀನಿ. ಅಷ್ಟ್ರಾಗ ಆಗಿರ್ಬೇಕು," ಎಂದು ಹೋದ.

ಮುಚ್ಚಳ ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ಮೊದಲು ಬ್ಯಾಟರಿಯ ವೈರ್ ಕಳಚಿದೆ. ನಾನು ಹಾಕಿದ ಫ್ಯಾನಿನ ರೆಕ್ಕೆಗಳಿಗೆ ಬಿಳಿ ಪದಾರ್ಥ ಮೆತ್ತಿ ಗಟ್ಟಿಯಾಗಿತ್ತು. ಅದರ ಹಿಂದೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲೂ ಅದೇ. ಭಾಯ್‌ಗೆ ಫೋನ್ ಮಾಡಿದೆ.

"ಬೆಳ್ಳಗೈತಾ? ಬ್ಯಾಟರಿ ಉಪ್ಪು ಕಕ್ಕೈತೆ. ಖಲ್ಲಾಸ್. ಹೋದ ಸಲ ನೋಡ್ಲಿಲ್ಲೇನೋ, ಗಧಾ?"

ನಮ್ಮದು ಆಸಿಡ್ ಬ್ಯಾಟರಿಯ ಅಂಗಡಿ. ಬಿಳಿ ಕಂಡರೆ ಉಪ್ಪು ಅನ್ನುವುದು ನಮ್ಮೆಲ್ಲರ ರೂಢಿ. ನಾನೂ ಒಂದು ಕ್ಷಣ ನಂಬಿದೆ. ಆದರೆ ಬ್ಯಾಟರಿ ಹೊಸದರಂತೆ ಶುಚಿಯಾಗಿತ್ತು, ಬಿಳಿ ಇದ್ದದ್ದು ಗಾಳಿ ಆಡುವ ಕಡೆ ಮಾತ್ರ. ಉಗುರಿನಿಂದ ಕೆರೆದೆ. ನುಣ್ಣಗಿತ್ತು, ಅಲ್ಲಲ್ಲಿ ಹಳದಿ ಗೆರೆ.

"ಒಳಗ ತರಬ್ಯಾಡ್ರೋ ಅದನ್ನ, ತಡೀರಿ!"

ಶಿವಮೂರ್ತಿಯ ತಾಯಿ ಉಡಚಮ್ಮ ಅಡುಗೆ ಮನೆ ಬಾಗಿಲಿನಿಂದ ಬರುತ್ತಿದ್ದರು. ಒಂದು ಕೈಯಲ್ಲಿ ಅರಿಶಿನದ ನೀರಿನ ಲೋಟ, ಇನ್ನೊಂದರಲ್ಲಿ ವಿಭೂತಿ ಗಟ್ಟಿ. ನಾನು ಬಾಯಿ ತೆರೆಯುವ ಮೊದಲೇ ಬೆರಳದ್ದಿ ನನ್ನ ಮೇಲೆ, ಮುಚ್ಚಳದ ಮೇಲೆ ನೀರು ಚಿಮುಕಿಸಿದರು. ಒದ್ದೆ ಮುಚ್ಚಳಕ್ಕೆ ವಿಭೂತಿ ಉಜ್ಜಿ ಮೂರು ಪಟ್ಟೆ ಎಳೆದರು, ಸರಿಯಾಗಿ ಗಾಳಿಯ ಕಿಂಡಿಗಳ ಮೇಲೆ. ಕಿಂಡಿಗಳಿಂದ ಆಚೆಗೆ ಪುಡಿ ಉದುರಿತು. ತೆರೆದಿದ್ದ ಮಿಷನ್ನಿನ ಮೇಲೆ ನಾನು ಅಡ್ಡ ಬಿದ್ದೆ.

"ಏ ಅಜ್ಜಿ! ಏನ್ ಮಾಡಕತ್ತೀರಿ?"

"ಮೈಲಿಗೆ ಕಳೀತೀನಿ ನೋಡಪ್ಪ. ಸತ್ತೋರ ಮನಿಗೆ ಹೋಗಿ ಬಂದೈತೆ. ನಾವು ಹೋಗಿ ಬಂದ್ರೆ ಜಳಕ ಮಾಡ್ತೀವಿ. ಇದಕ್ಕ ಯಾರು ಮಾಡಿಸ್ತಾರೆ?"

"ಪೆಟ್ಟಿಗೆಗೂ ಹಿಂಗೇ ಹಚ್ತೀರಾ?"

"ಪೆಟ್ಟಿಗೆ ಅವ್ನೇ ಪೈಪ್ ಹಿಡಿದು ತೊಳೀತಾನೆ, ಅದು ಇಲ್ಲೇ ಇರ್ತೈತೆ. ಇದಕ್ಕ ನೀರು ಸೋಕಿಸಬಾರ್ದಂತೆ. ಹಂಗೇ ಒಳಗ ತಂದು ಮೊಮ್ಮಗಳ ಮಂಚದ ಬಾಜೂಕೆ ಚಾರ್ಜಿಗೆ ಇಡ್ತಾನೆ. ಕೂಸು ಮಲಗೋ ಜಾಗ ಅದು."

"ಶಿವಮೂರ್ತಣ್ಣಂಗೆ ಗೊತ್ತೈತಾ?"

ಉಡಚಮ್ಮ ಮುಂಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. "ಒಂದ್ಸಲ ನೋಡಿಬಿಟ್ಟ. ಓಣಿ ಮಂದಿ ನಿಂತು ನೋಡೋ ಹಂಗೆ ಬೈದ. ವಿಭೂತಿ ಗಟ್ಟೀನ ಚರಂಡಿಗೆ ಒಗೆದ. ಇನ್ನೊಮ್ಮೆ ಕಂಡ್ರೆ ಮಗಳ ಮನಿಗೆ ಹೋಗಿ ಇರು ಅಂದಾನ. ಅದಕ್ಕ ಅವ್ನಿಲ್ದಾಗ ಹಚ್ಚಿ, ಒಣಗಿದ ಮ್ಯಾಲೆ ಒರೆಸಿಬಿಡ್ತೀನಿ."

ಹೊರಗೆ ಒರೆಸುತ್ತಿದ್ದರು. ಒಳಗೆ ಹೋದದ್ದನ್ನು ಯಾರು ಒರೆಸಬೇಕು? ನನಗೆ ಮೈ ಉರಿದುಹೋಯಿತು.

"ನೋಡ್ರಿ ಅಜ್ಜಿ, ನಿಮ್ಮ ವಿಭೂತಿಗೇ ಇದು ನಿಂತಿದ್ದು. ನಿಮ್ಮಿಂದ ನಾನು ಅಂಗಡಿ ತುಂಬ ಜನರ ಮುಂದೆ ಉಗಿಸ್ಕೊಂಡೆ. ನನ್ನ ಕೆಲ್ಸಕ್ಕೇ ಕುತ್ತು ಬಂದೈತೆ."

"ವಿಭೂತಿಯಿಂದ ಕೆಡ್ತೈತಾ?" ಅವರು ನಿಜವಾಗಿಯೂ ಕೇಳಿದರು.

ನಾನು ಫ್ಯಾನಿಗೆ ಬಾಯಿಂದ ಜೋರಾಗಿ ಊದಿದೆ. ಪುಡಿ ಎದ್ದು ನನ್ನ ಮುಖಕ್ಕೇ ಬಡಿಯಿತು. ರೆಕ್ಕೆ ಒಂದು ಸುತ್ತು ತಿರುಗಿ ನಿಂತಿತು. ಉಡಚಮ್ಮ ಹೊಸ್ತಿಲ ಮೇಲೆ ಕುಳಿತರು.

"ಅವ್ನಿಗೆ ಹೇಳ್ತೀಯೇನಪ್ಪ?"

"ಹೇಳದೆ? ಹೇಳೇ ಹೇಳ್ತೀನಿ."

ನಾನು ಬ್ಯಾಗಿನಿಂದ ಹಳೆ ಟೂತ್‌ಬ್ರಷ್ ತೆಗೆದು ರೆಕ್ಕೆಗಳನ್ನು ಉಜ್ಜಿದೆ, ಪಟ್ಟಿಗಳ ಸಂದಿಯಲ್ಲಿ ಗಟ್ಟಿಯಾಗಿದ್ದನ್ನು ಕಡ್ಡಿಯಿಂದ ಕೆರೆದೆ, ಫ್ಯಾನಿನ ನಡುಗಂಬಿಗೆ ಒಂದು ಹನಿ ಎಣ್ಣೆ ಬಿಟ್ಟೆ. ಮುಚ್ಚಳವನ್ನು ಒರೆಸಿ ಬಿಸಿಲಿಗಿಟ್ಟೆ. ಕೆಲಸ ಮಾಡುವಾಗ ಬಾಯಿಪಾಠದ ಮಾತನ್ನು ತಿದ್ದಿಕೊಂಡೆ: 'ತಪ್ಪು ನಂದಲ್ಲ, ನಿಮ್ಮವ್ವಂದು.' ಮೊದಲಿನದಕ್ಕಿಂತ ಇದು ಚುಚ್ಚುವಂತಿತ್ತು.

ಎಲ್ಲ ಜೋಡಿಸಿ ಮತ್ತೆ ಪೆಟ್ಟಿಗೆಗೆ ಹಚ್ಚಿದೆ. ಈ ಸಲ ಕಿಂಡಿಗಳಿಂದ ಬಿಸಿ ಗಾಳಿ ರಭಸವಾಗಿ ಹೊರಬಂತು. ಮೊದಲು ನಿಂತುಹೋದ ಹೊತ್ತಿಗಿಂತ ಎಷ್ಟೋ ಮುಂದೆ ಹೋದರೂ ಥರ್ಮಾಮೀಟರ್ ಗುರುತು ಬರಲಿಲ್ಲ. ಉಡಚಮ್ಮ ಎದ್ದು ಬಂದು ಕಿಂಡಿಯ ಮುಂದೆ ಅಂಗೈ ಹಿಡಿದರು.

"ಉಸಿರಾಡಕತ್ತೈತೆ," ಅಂದರು.

"ಇನ್ಮ್ಯಾಲೆ ಇಲ್ಲಿ ಹಚ್ಚಬ್ಯಾಡ್ರಿ. ನೀರೂ ಬ್ಯಾಡ. ಈ ಹಿಡಿಕೆಗೆ ಮಾತ್ರ ಒಂದು ಬೊಟ್ಟು ಹಚ್ರಿ, ಒಣಗಿದ್ದು."

"ಹಿಡಿಕೆಗೆ ಹಚ್ಚಿದ್ರೆ ಸಾಲ್ತೈತಾ?"

"ಸಾಲ್ತೈತೆ," ಅಂದೆ, ಎಲ್ಲ ಗೊತ್ತಿದ್ದವನಂತೆ.

ಶಿವಮೂರ್ತಿ ಬಂದ. ಹಿಂದೆ ಕಡರನಾಯಕನಹಳ್ಳಿಯ ನಾಲ್ಕು ಜನ, ಪೆಟ್ಟಿಗೆ ಎತ್ತಲು ಓಣಿಯ ಒಂದಿಬ್ಬರು.

"ಆತೇನ್ರಿ ಇಂಜಿನಿಯರ್ ಸಾಹೇಬ್ರೇ?"

ಓಣಿಯವರು ನಕ್ಕರು. ಅವನು ಡಿಸ್‌ಪ್ಲೇ ನೋಡಿದ, ಮೈ ಮುಟ್ಟಿದ, ಗಾಳಿಗೆ ಕೈ ಹಿಡಿದ. ಆಮೇಲೆ ಮೊಬೈಲ್ ತೆಗೆದ.

"ಏನಾಗಿತ್ತು? ಇವ್ರ ಮುಂದೇನೇ ಹೇಳು. ನಿನ್ನ ತಪ್ಪೋ, ಬ್ಯಾರೇರದೋ? ಬ್ಯಾರೇರದು ಅಂತಾದ್ರೆ ಈಗ್ಲೇ ಶಬ್ಬೀರ್ ಸಾಬ್ರಿಗೆ ಫೋನ್ ಹಚ್ಚಿ ಹೇಳ್ತೀನಿ. ನಾನೇನು ಸುಳ್ಳು ಹೇಳೋನಲ್ಲ."

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊಸ್ತಿಲಲ್ಲಿ ಉಡಚಮ್ಮ ನಿಂತಿದ್ದರು. ವಿಭೂತಿ ಮೆತ್ತಿದ ಕೈ ಸೆರಗಿನೊಳಗಿತ್ತು. ಅರಿಶಿನದ ಲೋಟ ಅವರ ಕಾಲ ಬಳಿಯೇ ಇತ್ತು, ನೋಡುವವರಿಗೆ ಕಾಣುವಂತೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಮಗನ ಸುತ್ತ ನಿಂತ ಜನರನ್ನು ನೋಡುತ್ತಿದ್ದರು. ಬೆಳಿಗ್ಗೆ ಅಂಗಡಿಯಲ್ಲಿ ನಾನೂ ಹಾಗೇ ನೋಡಿದ್ದೆ.

ಸ್ಕ್ರೂಡ್ರೈವರ್, ಟೂತ್‌ಬ್ರಷ್ ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಲೋಟ ಎತ್ತಿ ಅದರಲ್ಲಿದ್ದ ನೀರನ್ನು ಪಕ್ಕದ ಕರಿಬೇವಿನ ಗಿಡಕ್ಕೆ ಚೆಲ್ಲಿ, ಹೊಸ್ತಿಲ ಮೇಲೆ ಬೋರಲು ಹಾಕಿದೆ. ಬ್ಯಾಗು ಹೆಗಲಿಗೇರಿಸಿ ಅವರ ನಡುವೆಯೇ ಹಾದು ಹೊರಟೆ.

"ಏಯ್, ನಿನ್ನೇ ಕೇಳಿದ್ದು!" ಅಂದ ಶಿವಮೂರ್ತಿ. ಆಮೇಲೆ ಊರಿನವರಿಗೆ, "ನೋಡ್ರಿ, ತಪ್ಪು ಮಾಡಿದೋನಿಗೆ ಬಾಯೇ ಇರಲ್ಲ," ಅಂದದ್ದು ಕೇಳಿಸಿತು.

ಗೇಟಿನ ಬಳಿ ರಿಪೇರಿ ಟೇಬಲ್ ನೆನಪಾಗಿ ಕಾಲು ಒಂದು ಕ್ಷಣ ತಡೆಯಿತು. ಆಮೇಲೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ.