ನಾಬೋರನಿಗೆ ಹೇಳಿದ ದಾರಿ

ತಿಂಗಳ ಮೊದಲ ಶನಿವಾರ ಬಂತೆಂದರೆ ಸಂತ ಇಸಿದೋರನ ಇಗರ್ಜಿಯವರು ಬುತ್ತಿ ಕಟ್ಟಿಕೊಂಡು ಮರುಭೂಮಿಗೆ ಹೊರಡುತ್ತಾರೆ. ಎರಡು ವ್ಯಾನು, ಕಾಳು ಸುತ್ತಿದ ರೊಟ್ಟಿ, ಕಲ್ಲಂಗಡಿ, ನೀರಿನ ಕ್ಯಾನು, ನಡುವೆ ಮುದುಕಿ ಒಫೇಲಿಯಾಳ ಬಿಡುವಿಲ್ಲದ ಬಾಯಿ. ನೋಡಿದವರು ವನಭೋಜನ ಅನ್ನಬೇಕು. ಆದರೆ ಹಿಂದಿನ ವ್ಯಾನಿನಲ್ಲಿ ಒಂದು ಶಿಲುಬೆ, ಒಂದು ಸಲಿಕೆ, ಅರ್ಧ ಚೀಲ ಸಿಮೆಂಟು ಇರುತ್ತದೆ. ಗಡಿ ದಾಟಿ ಬಂದು ಬಿಸಿಲಿಗೆ ಬಿದ್ದವರ ಎಲುಬು ಎಲ್ಲಿ ಸಿಕ್ಕಿತೋ ಅಲ್ಲೇ ಶಿಲುಬೆ ನೆಡಬೇಕು, ಬುಡಕ್ಕೆ ನೀರು ಸುರಿಯಬೇಕು, ಪ್ರಾರ್ಥನೆ ಮುಗಿಸಿ ಅಲ್ಲೇ ಕೂತು ಉಣ್ಣಬೇಕು. ಬಾಯಾರಿ ಸತ್ತವನಿಗೆ ಮೊದಲ ಗುಟುಕು, ಆಮೇಲೆ ನಮಗೆ. ಇದು ಅವರು ಹದಿನಾಲ್ಕು ವರ್ಷದಿಂದ ನಡೆಸಿಕೊಂಡು ಬಂದ ನೇಮ.

ಶಿಲುಬೆ ಮಾಡುವವನು ಬಡಗಿ ಫೆರ್ಮಿನ್. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇಗರ್ಜಿಯೇ ಮನೆ. ಎಲುಬು ಸಿಕ್ಕ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಶವಪರೀಕ್ಷೆಯ ಸರ್ಕಾರಿ ಕಚೇರಿಯವರು ಚೀಟಿಯಲ್ಲಿ ಬರೆದುಕೊಡುತ್ತಾರೆ. ದಾರಿ ತೋರಿಸುವ ಪುಟ್ಟ ಯಂತ್ರಕ್ಕೆ ಅದನ್ನು ಕೊಟ್ಟು ಮುಂದೆ ನಡೆಯುವವನೂ ಅವನೇ. ಅವನು ನಿಂತಲ್ಲಿ ಉಳಿದವರು ನಿಲ್ಲುತ್ತಾರೆ. ಯಾರೂ ಚೀಟಿ ಕೇಳಿ ನೋಡಿದವರಲ್ಲ.

ಈ ನವೆಂಬರಿನ ಶನಿವಾರ ವ್ಯಾನಿನಲ್ಲಿ ಹೊಸ ಶಿಲುಬೆ ಇರಲಿಲ್ಲ. ಬದಲಿಗೆ ಒಬ್ಬ ತಾಯಿ ಬಂದಿದ್ದಳು.

ಕ್ರೆಸೆನ್ಸಿಯಾ ಎಂದು ಅವಳ ಹೆಸರು. ಗಡಿಯಾಚೆ ದೂರದ ಒಹಾಕಾ ಸೀಮೆಯ ಬೆಟ್ಟದೂರಿನವಳು. ಮೂರು ದಿನದ ಅಪ್ಪಣೆ ಚೀಟಿ ಹಿಡಿದು ಗಡಿ ದಾಟಿದ್ದಳು. ಮಗ ನಾಬೋರನ ಎಲುಬು ಪೆಟ್ಟಿಗೆಯಲ್ಲಿ ಊರಿಗೆ ಬಂದು ಮಣ್ಣಾಗಿತ್ತು. ಆದರೆ ಅವರ ಕಡೆ ಒಂದು ನಂಬಿಕೆ: ಹೊರಗೆ ಸತ್ತವನ ಜೀವ ಅವನು ಬಿದ್ದ ಜಾಗದಲ್ಲೇ ಕೂತಿರುತ್ತದೆ. ಹೆತ್ತವರು ಅಲ್ಲಿಗೇ ಹೋಗಿ ಮೂರು ಸಲ ಹೆಸರು ಹಿಡಿದು ಕರೆಯಬೇಕು, ಅಲ್ಲಿನ ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ, ದಾರಿಯುದ್ದಕ್ಕೂ ತಿರುವು ಹೇಳುತ್ತಾ ಮನೆಗೆ ಕರೆದೊಯ್ಯಬೇಕು. ಇಲ್ಲವಾದರೆ ಅದು ಅಲ್ಲೇ ಕಾಯುತ್ತಿರುತ್ತದೆ.

ವ್ಯಾನಿನಲ್ಲಿ ಅವಳು ಎದೆಗೆ ಹೊದ್ದ ಶಾಲಿನೊಳಗಿಂದ ಒಂದು ಫೋಟೊ ತೆಗೆದಳು. ಒಫೇಲಿಯಾ ಜೂನ್‌ನಲ್ಲಿ ಕಳಿಸಿದ್ದು. ಹಸಿರು ತೊಗಟೆಯ ಪಾಲೊವೆರ್ದೆ ಮರ, ಅದರ ಕೆಳಗೆ ನೀಲಿ ಶಿಲುಬೆ.

"ದಿನಾ ಇದನ್ನ ನೋಡ್ಕೊಂಡೇ ಮಲಗ್ತೀನಿ," ಅಂದಳು. "ಹೋಗಿದ್ದು ಹೋದ. ನೆರಳಲ್ಲಾದ್ರೂ ಹೋದನಲ್ಲ. ಅಷ್ಟೇ ಸಮಾಧಾನ."

"ಶಿಲುಬೆ ಮಾಡಿದ್ದು ನಮ್ಮ ಫೆರ್ಮಿನಣ್ಣ," ಎಂದಳು ಒಫೇಲಿಯಾ. "ಇವರ ಶಿಲುಬೆ ನೂರು ವರ್ಷ ಬಾಳತ್ತೆ. ಇವರು ಮಾಡಿದ ಕುರ್ಚಿ ಮಾತ್ರ ಒಂದು ಪೂಜೆಗೂ ತಡ್ಯಲ್ಲ."

ಬೇರೆ ದಿನವಾಗಿದ್ದರೆ, 'ಕುರ್ಚಿದೇನು ತಪ್ಪು, ಕೂತವರನ್ನ ಕೇಳು' ಎಂದು ಅವನು ತಿರುಗಿಸಿ ಹೇಳುತ್ತಿದ್ದ. ಇಂದು ಕಿಟಕಿಯ ಆಚೆ ನೋಡಿದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಇದ್ದ.

ಜೂನ್‌ನಲ್ಲಿ ಆ ಶಿಲುಬೆ ನೆಟ್ಟ ದಿನ ನಡೆದದ್ದು ಅವನಿಗೆ ಮಾತ್ರ ಗೊತ್ತು. ನೆಲದಿಂದ ಉರಿ ಏಳುತ್ತಿತ್ತು. ಹನ್ನೊಂದು ಜನ, ಎಲ್ಲ ಅರವತ್ತು ದಾಟಿದವರು. ಒಫೇಲಿಯಾಳ ಮಂಡಿ ಊದಿತ್ತು. ಇನ್ನೊಬ್ಬ ಮುದುಕನ ತುಟಿ ಬಿಳುಚಿತ್ತು. ಯಂತ್ರ ದಿಬ್ಬದಾಚೆ ಇನ್ನೂ ಅರ್ಧ ಮೈಲಿ ತೋರಿಸುತ್ತಿತ್ತು. ಫೆರ್ಮಿನ್ ಒಮ್ಮೆ ಅಂಕಿ ನೋಡಿದ, ಒಮ್ಮೆ ಮುಖಗಳನ್ನು ನೋಡಿದ. ಎದುರಿಗೆ ಈ ಮರವಿತ್ತು. "ಇಲ್ಲೇ," ಅಂದುಬಿಟ್ಟ. ದೇವರಿಗೆ ಗೊತ್ತಿರುತ್ತದೆ ಸತ್ತವನೆಲ್ಲಿದ್ದಾನೆಂದು, ಎಂದು ತನಗೆ ತಾನೇ ಹೇಳಿಕೊಂಡ. ಮರುದಿನ ಒಬ್ಬನೇ ಹೋಗಿ ನಿಜವಾದ ಜಾಗವನ್ನೂ ನೋಡಿ ಬಂದ, ಆದರೆ ಶಿಲುಬೆಯನ್ನು ಕೀಳಲು ಕೈ ಬರಲಿಲ್ಲ. ಅಷ್ಟರಲ್ಲಿ ಫೋಟೊ ಹೋಗಿಯಾಗಿತ್ತು.

ಬಂಡಿದಾರಿ ಮುಗಿದಲ್ಲಿ ವ್ಯಾನು ನಿಂತಿತು; ದೂರದಲ್ಲಿ ಆ ಮರ ಕಾಣುತ್ತಿತ್ತು. ತಾಯಿ ಇಳಿದು ಸುತ್ತ ಯಾರನ್ನೂ ನೋಡದೆ ನೇರ ಶಿಲುಬೆಗೆ ನಡೆದಳು. ತೊಗಟೆ ಸವರಿದಳು. ಊರಿಂದ ತಂದ ತುಳಸಿಯಂಥ ಪರಿಮಳದ ಸೊಪ್ಪಿನ ಕಟ್ಟಿನಿಂದ ನೆಲ ಗುಡಿಸಿದಳು. ಬಿಳಿ ಬಟ್ಟೆ ಹಾಸಿದಳು. ಎಲ್ಲರೂ ಟೊಪ್ಪಿ ತೆಗೆದರು.

"ನಾಬೋರ್," ಎಂದು ಕರೆದಳು. ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ದನಿ. "ಏಳಪ್ಪಾ. ಅಮ್ಮ ಬಂದಿದೀನಿ."

ಆ ದನಿ ಖಾಲಿ ನೆಲಕ್ಕೆ ಬಿದ್ದದ್ದು ಫೆರ್ಮಿನನಿಗೆ ಕೇಳಿಸಿತು. ಮೂರನೆಯ ಸಲವೂ ಹೀಗೇ ಬಿದ್ದರೆ ಇವಳು ಮಣ್ಣು ಕಟ್ಟಿಕೊಂಡು ಸಮಾಧಾನದಿಂದ ಹೋಗುತ್ತಾಳೆ; ಹುಡುಗ ದಿಬ್ಬದಾಚೆ ಬಿಸಿಲಲ್ಲಿ ಕೂತೇ ಇರುತ್ತಾನೆ. ಅವನು ಮುಂದೆ ಬಂದು ಅವಳ ಬಳಿ ಮಂಡಿಯೂರಿದ.

"ತಾಯೀ, ಕರೀಬೇಡಿ. ಅವನು ಇಲ್ಲಿಲ್ಲ."

ಅವಳು ತಿರುಗಿದಳು.

"ಎಲುಬು ಸಿಕ್ಕಿದ್ದು ಆ ದಿಬ್ಬದಾಚೆ. ಅವತ್ತು ಬಿಸ್ಲು ಅಂತ ನಾನೇ ಇಲ್ಲಿ ನೆಟ್ಟೆ. ಇವರ್ಯಾರಿಗೂ ಗೊತ್ತಿಲ್ಲ. ತಪ್ಪು ನಂದೊಬ್ಬಂದೇ."

"ಅಯ್ಯೋ ದೇವರ ಮನೆ ಹಾಳ್ಮಾಡ್ದೋನೆ!" ಒಫೇಲಿಯಾ ಎದೆ ಬಡಿದುಕೊಂಡಳು. "ಐದು ತಿಂಗಳು! ಈ ಪಾಪ ಒಳಗಿಟ್ಕೊಂಡೇ ಪ್ರತಿ ಭಾನುವಾರ ನಾಲಿಗೆ ಚಾಚಿ ಪ್ರಸಾದ ತಗೊಂಡ್ಯಲ್ಲೋ!"

ತಾಯಿ ಅವಳತ್ತ ನೋಡಲಿಲ್ಲ. ದಿಬ್ಬದತ್ತ ತಿರುಗಿ ಒಂದೇ ಮಾತು ಕೇಳಿದಳು.

"ಅಲ್ಲಿ ಮರ ಇದ್ಯಾ?"

ಸುಳ್ಳಿಗೆ ಇನ್ನೊಮ್ಮೆ ಬಾಗಿಲು ತೆರೆದಿತ್ತು. 'ಹೂಂ, ಸಣ್ಣದೊಂದಿದೆ' ಅಂದರೆ ಸಾಕಿತ್ತು.

"ಇಲ್ಲ ತಾಯೀ. ಬರೀ ಕಲ್ಲು."

ಅವಳು ಫೋಟೊವನ್ನು ಎರಡು ಮಡಿಕೆ ಮಾಡಿದಳು, ಶಾಲಿನೊಳಗೆ ಸೇರಿಸಿದಳು. ಬಟ್ಟೆ ಕೊಡವಿ ಎತ್ತಿಕೊಂಡಳು. "ಹಾಗಾದ್ರೆ ಬನ್ನಿ," ಅಂದಳು. "ಮಗು ಆಗ್ಲೇ ಬೇಕಾದಷ್ಟು ಕಾದಾಯ್ತು."

ಫೆರ್ಮಿನ್ ಸಲಿಕೆಯಿಂದ ಬುಡ ಅಗೆದ. ಸಿಮೆಂಟಿನ ಗಟ್ಟಿಯ ಸಮೇತ ಶಿಲುಬೆ ಮೇಲೆದ್ದಿತು. ಇಬ್ಬರು ಕೈ ಜೋಡಿಸಲು ಬಂದರು, ಬೇಡವೆಂದ. ಹೆಗಲ ಮೇಲೆ ಹೊತ್ತು ಮುಂದೆ ನಡೆದ. ಒಣಹಳ್ಳ ಇಳಿದು ದಿಬ್ಬ ಹತ್ತುವಾಗ ಎರಡು ಸಲ ಕೂತ. ಹಿಂದೆ ಒಫೇಲಿಯಾ ಕೋಲೂರಿ ಬೈಯುತ್ತಾ ಬರುತ್ತಿದ್ದಳು. ಅರ್ಧ ಬೈಗುಳ ಅವನಿಗೆ, ಅರ್ಧ ತನ್ನ ಮಂಡಿಗೆ.

ಆಚೆ ಬದಿಯ ಜಾಗ ಅವನು ಹೇಳಿದಂತೆಯೇ ಇತ್ತು. ಕಲ್ಲು, ಮುಳ್ಳು, ನೆತ್ತಿಯ ಮೇಲೆ ಸೂರ್ಯ. ತಾಯಿ ಮೊಣಕಾಲೂರಿದಳು. ಇಲ್ಲಿ ಗುಡಿಸಲು ಹೆಚ್ಚು ಹೊತ್ತು ಹಿಡಿಯಿತು. ಫೆರ್ಮಿನ್ ಟೊಪ್ಪಿ ತೆಗೆದು, ಅದರ ನೆರಳು ಅವಳ ಕೈಯಡಿಯ ಮಣ್ಣಿಗೆ ಬೀಳುವಂತೆ ಹಿಡಿದು ನಿಂತ. ಅವಳು ಮೂರು ಸಲ ಕರೆದಳು. ಮೂರನೆಯದಕ್ಕೆ ದನಿ ಒಡೆಯಿತು. ಫೆರ್ಮಿನ್ ಕಲ್ಲು ಸರಿಸಿ ಅಲ್ಲೇ ಶಿಲುಬೆ ನೆಟ್ಟ; ಬುಡಕ್ಕೆ ನೀರು ಸುರಿದಾಗ ನೆಲ ಗಟಗಟನೆ ಕುಡಿಯಿತು.

ಹಿಡಿ ಮಣ್ಣು ಕಟ್ಟಿಕೊಂಡು ಎದ್ದವಳು ನಿಂತೇ ಇದ್ದಳು.

"ದಾರಿ ಹೇಳ್ತಾ ಹೋಗ್ಬೇಕು," ಅಂದಳು. "ಈ ಸೀಮೆ ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ನೀವೇ ಹೇಳಿ ಅಣ್ಣಾ. ಸರಿಯಾಗಿ ಹೇಳಿ."

ಅವಳು ಗಂಟನ್ನು ಅವನತ್ತ ಚಾಚಿದಳು. ಫೆರ್ಮಿನ್ ಎರಡೂ ಕೈಯಲ್ಲಿ ತೆಗೆದುಕೊಂಡ. ಬೆಚ್ಚಗಿತ್ತು. ದಿಬ್ಬದತ್ತ ಹೆಜ್ಜೆ ಹಾಕಿದ.

"ನಾಬೋರ್... ಇಲ್ಲಿ ಏರು, ಕಲ್ಲು ಸಡಿಲ ಇದೆ, ನಿಧಾನ," ಎಂದ. ಹತ್ತು ಹೆಜ್ಜೆಯ ಮೇಲೆ, "ಎಡಕ್ಕೆ ಮುಳ್ಳು. ಬಲಕ್ಕೆ ಬಾ." ಒಣಹಳ್ಳದಲ್ಲಿ, "ಇದು ಹಳ್ಳ. ನೀರಿಲ್ಲ, ಹೆದರ್ಬೇಡ." ಹಿಂದೆ ಬರುತ್ತಿದ್ದ ಒಫೇಲಿಯಾ ಬೈಗುಳ ನಿಲ್ಲಿಸಿ ಜಪಮಾಲೆ ಹಿಡಿದಿದ್ದಳು.

ಪಾಲೊವೆರ್ದೆ ಮರ ಬಂತು. ಬುಡದಲ್ಲಿ ಶಿಲುಬೆ ಕಿತ್ತ ಗುಂಡಿ ಬಾಯ್ತೆರೆದಿತ್ತು. ಫೆರ್ಮಿನ್ ನಿಂತು ತಾಯಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು.

"ನಾಬೋರ್," ಎಂದ ಅವನು, "ಇಲ್ಲೊಂದು ಮರ ಇದೆ. ನೆರಳಿದೆ. ಸ್ವಲ್ಪ ಕೂತು ಹೋಗೋಣ."