ಟೋರ್ವಿಕ್‌ನ ಐವತ್ತನೆಯ ತಲೆ

ಟೋರ್ವಿಕ್ ಊರಿನ ಮುಂದೆ ನಿಲ್ಲಿಸಿದ ಹಲಗೆಯ ಪ್ರಕಾರ ಅಲ್ಲಿನ ಜನಸಂಖ್ಯೆ ಇನ್ನೂರ ಹತ್ತು. ಅದು ಶುದ್ಧ ಸುಳ್ಳು. ಹುಲ್ಡಾ ಬ್ರೆಕೆ ಒಂದು ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಬೆರಳು ಮಡಚಿ ಎಣಿಸಿದ್ದಳು. ನೂರ ಮೂವತ್ತನಾಲ್ಕು. ಅವರಲ್ಲೂ ಇಬ್ಬರು ರೆಜೈನಾ ನಗರದ ಆಸ್ಪತ್ರೆಯಲ್ಲಿ ಮಲಗಿದ್ದರು, ಎದ್ದು ಬರುವ ಲಕ್ಷಣವಿರಲಿಲ್ಲ. ಉಳಿದ ಎಪ್ಪತ್ತಾರು ಮಂದಿ ಎಲ್ಲಿ ಎಂದರೆ ಕೆಲವರು ಗೋರಿಯಲ್ಲಿ, ಕೆಲವರು ಕೆಲಸ ಹುಡುಕಿ ಹೋದ ಕ್ಯಾಲ್ಗರಿಯಲ್ಲಿ. ಬಾಕಿಯವರು ಹುಟ್ಟಿಯೇ ಇರಲಿಲ್ಲ. ಹಲಗೆಗೆ ಬಣ್ಣ ಹೊಡೆಯುವಾಗಲೆಲ್ಲ ಊರಿನವರು ಹಳೆಯ ಅಂಕಿಯ ಮೇಲೇ ಕುಂಚ ಆಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಚೆನ್ನಾಗಿದೆ ಎಂದು ತಲೆದೂಗಿ ಮನೆಗೆ ಹೋಗುತ್ತಿದ್ದರು.

ಒಂದು ಊರಿನ ಅಂಚೆ ಕಚೇರಿಯನ್ನು ಮೂವತ್ತನಾಲ್ಕು ವರ್ಷ ನಡೆಸಿದವಳಿಗೆ ಆ ಊರಿನ ಮೇಲೆ ಗೌರವ ಉಳಿಯುವುದು ಕಷ್ಟ. ಯಾರ ಮಗಳಿಗೆ ಯಾವ ಊರಿನಿಂದ ಕಾಗದ ಬರುತ್ತದೆ, ಯಾರ ಮನೆಗೆ ವಕೀಲರ ಲಕೋಟೆ ಬಂತು, ಯಾವ ದೊಡ್ಡ ಮನುಷ್ಯ ಕಂದು ಕಾಗದ ಸುತ್ತಿದ ಪುಸ್ತಕ ತರಿಸಿ ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋದ, ಎಲ್ಲವೂ ಹುಲ್ಡಾಳ ಕೈ ದಾಟಿಯೇ ಹೋಗಿತ್ತು. ಅವಳಿಗೀಗ ಅರವತ್ತೆಂಟು. ಮದುವೆಯಾಗಿರಲಿಲ್ಲ. ಸ್ವಂತದವಳೆಂದರೆ ತಂಗಿ ಆಗ್ನೆಸ್ ಒಬ್ಬಳೇ. ಆಗ್ನೆಸ್‌ಳ ಗಂಡ ಓರ್ವಿಲ್ ಟ್ವೈಟ್ ಟ್ರ್ಯಾಕ್ಟರ್ ಮಾರುತ್ತಿದ್ದ. ಊರಿನಲ್ಲಿ ಯಾವ ಸಮಿತಿ ಆದರೂ ಅದಕ್ಕೆ ತಾನೇ ಅಧ್ಯಕ್ಷನಾಗಬೇಕೆಂದು ದೇವರು ಬರೆದಿದ್ದಾನೆ ಎಂಬ ನಂಬಿಕೆ ಅವನಿಗಿತ್ತು.

ಆ ವರ್ಷ, ಎಂದರೆ ಸಾವಿರದ ಒಂಬೈನೂರ ಎಂಬತ್ತರಲ್ಲಿ, ಸಸ್ಕಾಚೆವಾನ್ ಪ್ರಾಂತಕ್ಕೆ ಎಪ್ಪತ್ತೈದು ತುಂಬಿತು. ಅದೇ ನೆಪದಲ್ಲಿ ಹತ್ತು ಮನೆಯ ಹಟ್ಟಿಗೂ ತನ್ನದೊಂದು ಚರಿತ್ರೆಯ ಪುಸ್ತಕ ಬೇಕೆನಿಸಿತು. ಟೋರ್ವಿಕ್ ಹಿಂದೆ ಬೀಳುವುದುಂಟೆ? ಓರ್ವಿಲ್ ಅಧ್ಯಕ್ಷ, ಆಗ್ನೆಸ್ ಕಾರ್ಯದರ್ಶಿ, ಜೊತೆಗೆ ತಲೆಯಾಡಿಸುವುದಕ್ಕೆ ಮೂವರು. ಕಾಗುಣಿತ ಬರುವವಳು ಊರಿನಲ್ಲಿ ಒಬ್ಬಳೇ ಆದ್ದರಿಂದ ಟೈಪು ಮಾಡುವ ಕೆಲಸ ಹುಲ್ಡಾಳ ತಲೆಗೆ ಬಂತು.

ಪುಸ್ತಕಕ್ಕೆ ನಿಯಮ ಒಂದೇ, ಅದನ್ನು ಮಾಡಿದವನು ಓರ್ವಿಲ್. ಪ್ರತಿ ಮನೆತನದ ಪುಟವನ್ನು ಆ ಮನೆತನದವರೇ ಬರೆದು ಕೊಡಬೇಕು. ಬೇರೆಯವರು ಬರೆಯುವಂತಿಲ್ಲ, ಕೊಟ್ಟದ್ದರಲ್ಲಿ ಸಮಿತಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ಸುತ್ತಲಿನ ಊರುಗಳಲ್ಲೂ ಇದೇ ಪದ್ಧತಿ. ಕಾರಣ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತು. ನನ್ನ ಮನೆಯ ಹೊಲಸು ನಿನಗೆ ಗೊತ್ತು, ನಿನ್ನದು ನನಗೆ ಗೊತ್ತು, ಇಬ್ಬರೂ ಸುಮ್ಮನಿದ್ದರೆ ಇಬ್ಬರ ಮಾನವೂ ಉಳಿದೀತು ಎಂಬ ಒಪ್ಪಂದ ಅದು.

ಪುಟಗಳು ಬಂದವು. ಹುಲ್ಡಾ ಚಳಿಗಾಲವಿಡೀ ಹಲ್ಲು ಕಚ್ಚಿಕೊಂಡು ಟೈಪು ಮಾಡಿದಳು. ಕುಡಿದು ಹಿಮದಲ್ಲಿ ಬಿದ್ದು ಸತ್ತವನು ಪುಟದಲ್ಲಿ 'ಅಲ್ಪಕಾಲದ ಅನಾರೋಗ್ಯದಿಂದ' ತೀರಿಕೊಂಡ. ಕೊಟ್ಟಿಗೆಯ ತೊಲೆಗೆ ನೇಣು ಹಾಕಿಕೊಂಡ ಓರ್ವಿಲ್‌ನ ದೊಡ್ಡಪ್ಪ 'ಕೆಲಸದಲ್ಲಿದ್ದಾಗಲೇ' ದೈವಾಧೀನನಾದ. ಹೆಂಡತಿಗೆ ಹೊಡೆದು ಮುಂಗೈ ಮುರಿದವನು 'ಶಿಸ್ತಿನ ಮನುಷ್ಯ'. ನೆರೆಯವನ ಬೇಲಿಯನ್ನು ವರ್ಷಕ್ಕೆರಡು ಅಡಿ ಒತ್ತಿಕೊಂಡು ಬಂದವನು 'ಶ್ರಮದಿಂದ ಹೊಲ ಬೆಳೆಸಿದ'. ನಾರ್ವೆಯಿಂದ ಹಡಗು ಹತ್ತಿ ಬಂದವರಲ್ಲಿ ಒಬ್ಬ ಕಳ್ಳನಿಲ್ಲ, ಒಬ್ಬ ಸೋಮಾರಿಯಿಲ್ಲ, ಎಲ್ಲರೂ ದೇವರಿಗೆ ಹೆದರುವವರು, ಎಲ್ಲರ ಹೆಂಡಿರೂ ಒಳ್ಳೆಯ ಸೇಬಿನ ಪೈ ಮಾಡುವವರು. ಇಷ್ಟೊಂದು ಸಂತರು ಒಂದೇ ಕಡೆ ಸೇರಿದ ಊರು ಹೀಗೇಕೆ ಹಾಳು ಬಿತ್ತೋ ಎಂದು ಹುಲ್ಡಾ ಒಬ್ಬಳೇ ನಕ್ಕಳು.

ಕೊನೆಯ ಕಂತು ಮುಗಿದಾಗ ಅವಳಿಗೆ ಒಂದು ಪುಟ ಇಲ್ಲದ್ದು ಗೊತ್ತಾಯಿತು. ಮಾರ್ಚ್ ತಿಂಗಳ ಸಭೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯಿತು. ಕಾಫಿ ಕುದಿಯುತ್ತಿತ್ತು, ಆಗ್ನೆಸ್ ಪೈ ಕೊಯ್ದು ಹಂಚುತ್ತಿದ್ದಳು.

"ಸ್ಯಾಮ್ ಪುಟ ಎಲ್ಲಿ?" ಎಂದು ಹುಲ್ಡಾ ಕೇಳಿದಳು.

"ಯಾವ ಸ್ಯಾಮ್?" ಎಂದ ಓರ್ವಿಲ್.

"ನಲವತ್ತೆಂಟು ವರ್ಷ ಈ ಊರಿಗೆ ಮೊಟ್ಟೆ ಹುರ್ದು ಹಾಕಿದ್ನಲ್ಲ, ಆ ಸ್ಯಾಮ್. ನಿನ್ ಮದ್ವೆ ದಿನ ಕೇಕು ಸೀದು ಹೋದಾಗ ಎರಡು ಗಂಟೇಲಿ ಇನ್ನೊಂದು ಮಾಡಿಕೊಟ್ನಲ್ಲ, ಅವ್ನು."

"ಓ, ಆ ಚೀನಾದವ್ನಾ! ಇದಾನಲ್ಲ, ಅರವತ್ತೊಂದನೇ ಪುಟದಲ್ಲಿ. ನೀನೇ ಟೈಪು ಮಾಡಿದೀಯ."

ಇದ್ದದ್ದು ನಿಜ. 'ಮುಖ್ಯ ಬೀದಿಯಲ್ಲಿ ಚೀನಾದವನೊಬ್ಬನ ಹೋಟೆಲಿತ್ತು' ಎಂಬ ಒಂದು ಸಾಲು. ಅದರ ಕೆಳಗೇ ಟ್ವೈಟ್ ಮನೆಯ ಕುದುರೆಯ ವಿಷಯ ಹನ್ನೊಂದು ಸಾಲು. ಅದರ ಹೆಸರು, ಬಣ್ಣ, ಸತ್ತ ತಾರೀಖು, ಎಲ್ಲವೂ ಇದ್ದವು.

"ಕುದುರೆಗೆ ಹೆಸರಿದೆ, ಅವ್ನಿಗಿಲ್ವಾ?"

"ಅಯ್ಯೋ ಹುಲ್ಡಾ, ಅವನ ಹೆಸ್ರು ಯಾರಿಗ್ ಗೊತ್ತು? ನಾವೆಲ್ಲಾ ಸ್ಯಾಮ್ ಅಂತಿದ್ವಿ. ಬಟ್ಟೆ ಒಗೀತಿದ್ದ ಇನ್ನೊಬ್ಬ ಚೀನಾದವನ್ನೂ ಸ್ಯಾಮ್ ಅಂತಿದ್ವಿ." ಓರ್ವಿಲ್ ನಕ್ಕ. ಮೂವರೂ ನಕ್ಕರು.

ಹುಲ್ಡಾಳಿಗೆ ಗೊತ್ತಿತ್ತು. ಆ ಊರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ತಿಂಗಳಿಗೊಮ್ಮೆ ಹಾಂಗ್‌ಕಾಂಗ್‌ನಿಂದ ಬರುತ್ತಿದ್ದ ತೆಳು ಲಕೋಟೆಯ ಮೇಲೆ ಯಾರೋ ಗುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಿದ್ದರು: ಮಾ ಗಿಮ್ ಯೂನ್. ಹೆಂಡತಿಯ ಕಾಗದಗಳು. ಹೆಂಡತಿಯನ್ನು ಕರೆಸಿಕೊಳ್ಳಲು ದೇಶದ ಕಾನೂನು ಬಹಳ ವರ್ಷ ಬಿಡಲಿಲ್ಲ. ಬಿಡುವ ಹೊತ್ತಿಗೆ ಇಬ್ಬರಿಗೂ ವಯಸ್ಸಾಗಿತ್ತು. ಕೇಳಿದ್ದರೆ ಅವನು ಆಕೆಯ ಹೆಸರನ್ನಾದರೂ ಹೇಳುತ್ತಿದ್ದನೋ ಏನೋ. ಹುಲ್ಡಾ ದಿನಾ ಹತ್ತು ಗಂಟೆಗೆ ಅವನ ಹೋಟೆಲಿನಲ್ಲಿ ಕಾಫಿ ಕುಡಿದಳು, ಇಪ್ಪತ್ತಮೂರು ವರ್ಷ. ಹೆಸರು ಗೊತ್ತಿದ್ದೂ ಒಂದು ದಿನವೂ ಕರೆಯಲಿಲ್ಲ. ಸ್ಯಾಮ್, ಇನ್ನರ್ಧ ಲೋಟ ಹಾಕು ಎಂದಳು, ಅಷ್ಟೇ. ಅರವತ್ತೊಂದನೆಯ ಇಸವಿಯಲ್ಲಿ ಅವನು ಒಲೆಯ ಮುಂದೆಯೇ ಕುಸಿದು ಸತ್ತ. ಅದಾದ ತಿಂಗಳು ಬಂದ ಕಾಗದದ ಮೇಲೆ ಅವಳು 'ಮೃತರಾಗಿದ್ದಾರೆ, ಕಳುಹಿಸಿದವರಿಗೆ ಹಿಂತಿರುಗಿಸಿ' ಎಂಬ ನೇರಳೆ ಮುದ್ರೆ ಒತ್ತಿ ಚೀಲಕ್ಕೆ ಹಾಕಿದಳು. ಜೊತೆಗೆ ಎರಡು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಓರ್ವಿಲ್‌ನನ್ನು ಬೈಯುವಾಗಲೆಲ್ಲ ಆ ನೇರಳೆ ಮುದ್ರೆ ಅವಳ ಕಣ್ಣ ಮುಂದೆ ಬರುತ್ತಿತ್ತು. ಊರಿನವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದೂ ಹಾಗೆ ಮಾಡಿದವಳು ತಾನು.

"ನಂಗೆ ಗೊತ್ತು ಅವನ ಹೆಸ್ರು. ಪುಟ ನಾನು ಬರೀತೀನಿ," ಎಂದಳು.

"ನಿಯಮ ಇದೆಯಲ್ಲ. ಮನೆಯವ್ರೇ ಬರೀಬೇಕು."

"ಮನೆಯವ್ರನ್ನ ಬರೋಕೆ ಬಿಟ್ರೇನೋ ನೀವು?"

"ಕಾನೂನು ಮಾಡಿದ್ದು ನಾನಾ? ಒಬ್ರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕಾಗತ್ತೆ. ನಾಳೆ ಪಕ್ಕದ ಹೊಲದ ಹಾಗನ್ ಮನೆಯವ್ರು ಬಂದು ನಮ್ಮ ಮನೆ ಪುಟ ಬರೀತೀವಿ ಅಂದ್ರೆ?" ಅವನ ಮುಖದಲ್ಲಿ ನಿಜವಾದ ಭಯ ಹಾದುಹೋಯಿತು. ದೊಡ್ಡಪ್ಪ ನೇತಾಡುತ್ತಿದ್ದ ತೊಲೆ ಇನ್ನೂ ಅವನ ಕೊಟ್ಟಿಗೆಯಲ್ಲೇ ಇತ್ತು.

"ಮೊದಲನೇ ಪುಟದಲ್ಲಿ ಏನಂತ ಬರ್ದಿದೀಯ? 'ಐವತ್ತು ಧೀರರು ಕಟ್ಟಿದ ಊರು.' ಆ ಐವತ್ತನ್ನ ಎಣಿಸಿದ್ದು ನಮ್ಮಪ್ಪ. ಹದಿಮೂರನೇ ಇಸವೀಲಿ. ಐವತ್ತು ತಲೆ ಆದ್ರೆ ಹಳ್ಳಿ ಅಂತ ಕಾಗದ ಕೊಡ್ತೀವಿ ಅಂದಿದ್ರು ಸರ್ಕಾರದೋರು. ಅಪ್ಪ ಮನೆಮನೆ ತಿರುಗಿದ. ತೊಟ್ಟಿಲ ಕೂಸು ಎಣಿಸಿದ, ಸೂಜಿ ಮಾರೋಕೆ ಬಂದಿದ್ದವನನ್ನ ಎಣಿಸಿದ, ನಿಮ್ಮಮ್ಮನ ಹೊಟ್ಟೇಲಿ ಇದ್ದಿದ್ದನ್ನೂ ಎಣಿಸಿದ. ಆದ್ರೂ ನಲವತ್ತೊಂಬತ್ತು. ಆಮೇಲೆ ಹೋಟೆಲಿನ ಬಾಗಿಲು ತಟ್ಟಿದ. ಅವ್ನು ಐವತ್ತನೆಯವ್ನು, ಓರ್ವಿಲ್. ಅವ್ನಿಲ್ಲದಿದ್ರೆ ನಿನ್ನ ಧೀರರು ಬರೀ ಗುಡಿಸಲು ಕಟ್ಟಿಕೊಂಡಿದ್ದೋರು."

ಆಗ್ನೆಸ್ ಚಾಕು ಒರೆಸಿದಳು.

"ಇರಬಹುದು," ಎಂದ ಓರ್ವಿಲ್. "ಎಣಿಸೋದು ಬೇರೆ, ಪುಟ ಬೇರೆ. ನೀನೇನು ಅವನ ಮನೆಯವ್ಳಾ?"

ತಲೆಯಾಡಿಸುವ ಮೂವರು ಮತ್ತೆ ನಕ್ಕರು. ಅರವತ್ತೆಂಟರ ಮದುವೆಯಾಗದ ಹೆಂಗಸನ್ನು ನೋಡಿ ನಗುವುದು ಆ ಊರಿನಲ್ಲಿ ಪುಕ್ಕಟೆ ಸಿಗುವ ಸಂತೋಷ. ಹುಲ್ಡಾ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಪೈ ಮೆತ್ತಿದ ಬಾಯಿಗಳು. ಇವರೆಲ್ಲರ ಸುಳ್ಳನ್ನೂ ಚಳಿಗಾಲವಿಡೀ ಕಾಗುಣಿತ ತಪ್ಪದೆ ಟೈಪು ಮಾಡಿದವಳು ತಾನು. ಇವರ ನಿಯಮ ಸುಳ್ಳಿಗೆ ಬಾಗಿಲು ತೆರೆದು, ಸತ್ಯವನ್ನು ಮೆಟ್ಟಿಲಲ್ಲಿ ನಿಲ್ಲಿಸಿದೆ. ಹಾಗಾದರೆ ಸತ್ಯವನ್ನೂ ಆ ಬಾಗಿಲಿನಿಂದಲೇ ಒಳಗೆ ತರಬೇಕು.

"ಹೌದು," ಎಂದಳು.

"ಏನ್ ಹೌದು?"

"ಹದಿನಾರು ವರ್ಷ ನಾನೂ ಅವ್ನೂ ಗಂಡ ಹೆಂಡ್ತಿ ಹಾಗೇ ಇದ್ವಿ. ನಾನು ಅವನ ಮನೆಯವ್ಳೇ. ಪುಟ ನಾನೇ ಬರೀಬೇಕು."

ಆಗ್ನೆಸ್ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಅಕ್ಕಾ! ತಮಾಷೆಗೂ ಒಂದು ಮಿತಿ ಇಲ್ವಾ? ಇವರೆಲ್ಲಾ ನಿಜ ಅಂದ್ಕೋತಾರೆ!"

"ಅಂದ್ಕೊಳ್ಳಲಿ. ನಿಜಾನೇ."

"ಅಂಚೆ ಕಚೇರಿ ಹಿಂದಿನ ಕೋಣೇಲಾ?" ಎಂದು ಮೂವರಲ್ಲೊಬ್ಬ ಕೇಳಿಯೇಬಿಟ್ಟ. ನಗು ನಿಂತುಹೋಗಿ ಅವನ ಕಣ್ಣು ಮಿನುಗುತ್ತಿತ್ತು.

"ಎಲ್ಲಿ ಅಂತ ಬೇಕಾ ನಿಂಗೆ? ನಿಮ್ಮಪ್ಪನಿಗೆ ಬರ್ತಿದ್ದ ಕಂದು ಕಾಗದದ ಪುಸ್ತಕ ಯಾವ್ದು ಅಂತ ನಾನು ಹೇಳ್ಲಾ?"

ಅವನು ಪೈ ಕಡೆ ತಿರುಗಿದ.

ಓರ್ವಿಲ್ ಕೆಂಪಾಗಿದ್ದ. ಅವನಿಗೆ ನಂಬಲು ಒಂದು ಕ್ಷಣವೂ ಬೇಕಾಗಲಿಲ್ಲ. ಅದೇ ಹುಲ್ಡಾಳಿಗೆ ಹೇಸಿಗೆ ತಂದದ್ದು. ಒಬ್ಬ ಮನುಷ್ಯನ ಹೆಸರನ್ನು ನಂಬಿಸುವುದಕ್ಕೆ ಅರ್ಧ ಗಂಟೆ ವಾದ ಮಾಡಿ ಸೋತಳು. ಒಂದು ಕೊಳಕು ಸುದ್ದಿಯನ್ನು ಒಂದೇ ಮಾತಿನಲ್ಲಿ ನುಂಗಿದರು. "ಇದನ್ನ ಪುಸ್ತಕಕ್ಕೆ ಹಾಕೋಕಾಗಲ್ಲ. ನಮ್ಮ ಮನೆತನದ ಮಾನ ಹೋಗತ್ತೆ," ಎಂದ.

"ಒಂದಕ್ಷರ ತಿದ್ದೋ ಹಾಗಿಲ್ಲ. ನಿನ್ನದೇ ನಿಯಮ. ಮುರೀತೀಯ? ಮುರಿ. ಆಗ ನಾನೂ ಹಾಗನ್ ಮನೆಯವ್ರನ್ನ ಕರ್ಕೊಂಡು ಬರ್ತೀನಿ. ಅವರಿಗೆ ಕೊಟ್ಟಿಗೆ ವಿಷಯ ಚೆನ್ನಾಗಿ ಗೊತ್ತು."

ಅಲ್ಲಿಗೆ ಮಾತು ಮುಗಿಯಿತು.

ಮನೆಗೆ ಬಂದು ಟೈಪು ಯಂತ್ರದ ಮುಂದೆ ಕೂತಾಗ ಅವಳಿಗೆ ತಾನು ಮಾಡಿದ್ದರ ಅಳುಕು ಹತ್ತಿತು. ತನ್ನ ಹೆಸರು ಹಾಳಾದರೆ ಹೋಗಲಿ, ಅದರಿಂದ ಆಗಬೇಕಾದ್ದೇನೂ ಉಳಿದಿರಲಿಲ್ಲ. ಆದರೆ ಅವನು? ನಲವತ್ತೆಂಟು ವರ್ಷ ಹೆಂಡತಿಗೆ ಕಾಗದ ಬರೆದ ಗಂಡಸಿನ ಮೇಲೆ, ಅವನು ಸತ್ತ ಮೇಲೆ, ತಾನು ಇನ್ನೊಂದು ಸುಳ್ಳು ಹೊರಿಸಿದ್ದಳು. ಕ್ಷಮೆ ಕೇಳಲು ಯಾರೂ ಇರಲಿಲ್ಲ. ಕೊನೆಗೆ ಅವಳು ಸಂಬಂಧದ ಸುದ್ದಿಯನ್ನು ಪುಟದಲ್ಲಿ ಬರೆಯಲೇ ಇಲ್ಲ. ತನಗೆ ಖಚಿತವಾಗಿ ಗೊತ್ತಿದ್ದಷ್ಟನ್ನೇ ಬರೆಯಲು ಹೊರಟು ನೋಡಿದರೆ ಅದು ಆರೇ ಸಾಲಾಯಿತು.

'ಮಾ ಗಿಮ್ ಯೂನ್. ಚೀನಾ ದೇಶದವರು. ೧೯೧೩ರಲ್ಲಿ ಟೋರ್ವಿಕ್ ಹಳ್ಳಿಯಾದಾಗ ಎಣಿಸಿದ ಐವತ್ತನೆಯವರು. ೧೯೬೧ರವರೆಗೆ ಇಲ್ಲಿ ಹೋಟೆಲು ನಡೆಸಿದರು. ಬರ ಬಿದ್ದ ವರ್ಷಗಳಲ್ಲಿ ಯಾರನ್ನೂ ಹಸಿದು ಕಳಿಸಲಿಲ್ಲ. ಹೆಂಡತಿ ಇದ್ದರು, ಅವರ ಹೆಸರನ್ನು ನಾವು ಕೇಳಲಿಲ್ಲ. ಸ್ಮಶಾನದ ಉತ್ತರ ಬೇಲಿಯ ಪಕ್ಕ ಕಲ್ಲಿಲ್ಲದ ಗೋರಿ ಇವರದು.' ಅದರ ಕೆಳಗೆ, ಮನೆತನದ ಪರವಾಗಿ ಬರೆದವರು ಎಂಬಲ್ಲಿ, ಹುಲ್ಡಾ ಬ್ರೆಕೆ.

ಪುಸ್ತಕ ಜುಲೈಯಲ್ಲಿ ಬಂತು. ಊರು ಬಿಟ್ಟು ಹೋದವರೆಲ್ಲ ಹಬ್ಬಕ್ಕೆ ವಾಪಸು ಬಂದಿದ್ದರು. ಒಂದು ದಿನದ ಮಟ್ಟಿಗೆ ಹಲಗೆಯ ಸುಳ್ಳು ನಿಜವಾಗಿತ್ತು. ಕೊಂಡವರೆಲ್ಲ ಮೊದಲು ತಂತಮ್ಮ ಪುಟ ತೆರೆದು, ಫೋಟೋದಲ್ಲಿ ತಾವು ಚೆನ್ನಾಗಿ ಬಂದಿದ್ದೇವೆಯೇ ಎಂದು ನೋಡಿದರು. ಎರಡನೆಯದಾಗಿ ನೂರ ನಲವತ್ತಮೂರನೆಯ ಪುಟ ತೆರೆದರು. ಸಭೆಯ ಸುದ್ದಿ ಏಪ್ರಿಲ್ ಹೊತ್ತಿಗೇ ಸುತ್ತ ಮೂವತ್ತು ಮೈಲಿ ಹರಡಿತ್ತು. ಆ ಆರು ಸಾಲನ್ನು ಅವರು ಓದಿದಷ್ಟು ಶ್ರದ್ಧೆಯಿಂದ ಬೈಬಲ್ಲನ್ನೂ ಓದಿದವರಲ್ಲ. ಹದಿನಾರು ವರ್ಷ ಎಲ್ಲಿದೆ ಎಂದು ಸಾಲುಸಾಲಿನ ಮಧ್ಯೆ ಹುಡುಕಿದರು.

ಆಗ್ನೆಸ್ ಅಕ್ಕನ ಮನೆಗೆ ಬರುವುದನ್ನು ನಿಲ್ಲಿಸಿದಳು. ಚರ್ಚಿನಲ್ಲಿ ಹುಲ್ಡಾ ಕೂತ ಬೆಂಚು ಖಾಲಿಯಾಗುತ್ತಿತ್ತು. ತಂಗಿಯ ವಿಷಯಕ್ಕೆ ಅವಳು ಎರಡು ಸಲ ಅತ್ತಳು; ಬೆಂಚಿನ ವಿಷಯಕ್ಕೆ, ಕಾಲು ಚಾಚಲು ಜಾಗ ಸಿಕ್ಕಿತೆಂದು ಖುಷಿಪಟ್ಟಳು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವಳು ಆಲೂಗಡ್ಡೆ ತರಲು ಸಹಕಾರಿ ಅಂಗಡಿಗೆ ಹೋದಳು. ಒಳಗೆ ಕಾಫಿಯ ಮೇಜಿನಲ್ಲಿ ಗಂಡಸರ ಗುಂಪು ಕೂತಿತ್ತು. ಬೆನ್ನು ಮಾಡಿ ಕೂತಿದ್ದ ಓರ್ವಿಲ್ ಅವಳು ಬಂದದ್ದನ್ನು ನೋಡಲಿಲ್ಲ. ಅಂಗಡಿಗೆ ಹೊಸದಾಗಿ ಸೇರಿದ ಹೆಂಗಸೊಬ್ಬಳಿಗೆ ಕಥೆ ಹೇಳುತ್ತಿದ್ದ.

"ನಮ್ಮ ಮನೇಲೇ ನೋಡಿ, ನನ್ನ ಹೆಂಡ್ತಿ ಅಕ್ಕ! ಹದಿನಾರು ವರ್ಷ, ಮಾ ಗಿಮ್ ಯೂನ್ ಜೊತೆ!"

"ಯಾರ ಜೊತೆ?" ಎಂದು ಆ ಹೆಂಗಸು ಕೇಳಿದಳು.

"ಮಾ. ಗಿಮ್. ಯೂನ್." ಓರ್ವಿಲ್ ಒಂದೊಂದನ್ನೂ ಬಿಡಿಸಿ, ಗೊತ್ತಿಲ್ಲದವಳಿಗೆ ಕಲಿಸುವ ಗತ್ತಿನಲ್ಲಿ ಹೇಳಿದ. "ಏನಮ್ಮಾ, ಅವನ್ಯಾರು ಅಂತ ಗೊತ್ತಿಲ್ವಾ ನಿಮ್ಗೆ? ಈ ಊರಲ್ಲಿ ಗೊತ್ತಿಲ್ಲದೋರೇ ಇಲ್ಲ."

ಹುಲ್ಡಾ ಆಲೂಗಡ್ಡೆಯ ಚೀಲದ ಪಕ್ಕದಲ್ಲಿ ನಿಂತು, ಅವನು ಆ ಹೆಸರನ್ನು ಇನ್ನೊಂದು ಸಲ ಹೇಳುವವರೆಗೂ ಕಾದಳು. ಹೇಳಿದ.